ಲಾಂಗ್ ಟ್ರಿಪ್‌ಗೆ ಫುಲ್ ಸೈಜ್ ಸ್ಟೆಪ್ನಿ: ಬೇಕಾ, ಸುಮ್ನೆ ಭಾರವಾ?

ವಾಕಡ್‌ವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯ ಗೊತ್ತಿರುವವರು ಸ್ವಲ್ಪ ಹೇಳಿ.

ಡಿಸೆಂಬರ್ ಕೊನೆಗೆ ಊರಿಗೆ ಹೋಗುವ ಪ್ಲಾನ್ ಇದೆ. ನೇರ ಹೈವೇ ಹಿಡಿದು ಹೋಗುವುದಲ್ಲ. ಪುಣೆ, ಕೊಲ್ಲಾಪುರ, ಬೆಳಗಾವಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾ. ಗೋವಾದಲ್ಲಿ ಸ್ವಲ್ಪ ಇದ್ದು ಕಾರವಾರ, ಗೋಕರ್ಣ, ಉಡುಪಿ. ಆಮೇಲೆ ಶಿರಾಡಿ ಹತ್ತಿ ಸಕಲೇಶಪುರ, ಹಾಸನದಲ್ಲಿ ಅತ್ತೆ ಮನೆ. ವಾಪಸ್ ಬರುವಾಗ ಚಿತ್ರದುರ್ಗ, ಹುಬ್ಬಳ್ಳಿ ಮೇಲೆ. ಗಾಡಿಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ನಮ್ಮ ಅಮ್ಮ. ಲಗೇಜ್ ಬಗ್ಗೆ ಹೇಳುವುದೇ ಬೇಡ, ಹೋಗುವಾಗ ಅರ್ಧ ಡಿಕ್ಕಿ, ಬರುವಾಗ ಅತ್ತೆ ಕಟ್ಟಿಕೊಡುವ ತೆಂಗಿನಕಾಯಿ, ಕಾಫಿಪುಡಿ, ಉಪ್ಪಿನಕಾಯಿ ಸೇರಿ ಪೂರ್ತಿ ಡಿಕ್ಕಿ.

ಗಾಡಿ ಮಧ್ಯಮ ಗಾತ್ರದ ಎಸ್‌ಯುವಿ, ಫ್ರಂಟ್ ವೀಲ್ ಡ್ರೈವ್, ಅಂದರೆ ಎಂಜಿನ್ ಶಕ್ತಿ ಮುಂದಿನ ಚಕ್ರಗಳಿಗೆ. ಯಾವ ಕಂಪನಿ ಅಂತ ಬರೆಯುವುದಿಲ್ಲ, ಬರೆದರೆ ಇಲ್ಲಿ ಟೈರ್ ಬಿಟ್ಟು ಬ್ರಾಂಡ್ ಜಗಳ ಶುರುವಾಗುತ್ತದೆ. ನಾಲ್ಕು ಚಕ್ರಕ್ಕೂ 215/60 ಆರ್17 (ಟೈರ್ ಅಗಲ 215 ಮಿ.ಮೀ., ಪಕ್ಕದ ಎತ್ತರ ಅಗಲದ ಶೇಕಡಾ 60, ಒಳಗಿನ ಡಿಸ್ಕ್ 17 ಇಂಚು), ಅಲಾಯ್ ಡಿಸ್ಕ್. ಡಿಕ್ಕಿ ಕೆಳಗೆ ಇರುವ ಸ್ಟೆಪ್ನಿ ಮಾತ್ರ 205/65 ಆರ್16, ಸ್ಟೀಲ್ ಡಿಸ್ಕ್. ಅದರ ಮೇಲೆ 80 ಕಿ.ಮೀ.ಗಿಂತ ಜೋರಾಗಿ ಓಡಿಸಬೇಡಿ ಅಂತ ದೊಡ್ಡ ಸ್ಟಿಕ್ಕರ್.

ಊರೊಳಗೆ ಇದು ಸಾಕು. ಆದರೆ ಚೋರ್ಲಾದಲ್ಲೋ ಶಿರಾಡಿಯಲ್ಲೋ ಟೈರ್ ಹರಿದರೆ ಈ ಚಿಕ್ಕ ಚಕ್ರ ಹಾಕಿಕೊಂಡು ಎಷ್ಟು ದೂರ ಹೋಗಬಹುದು? ಆಫೀಸಿನ ಒಬ್ಬರು ಒಂದು ಅಲಾಯ್ ಮತ್ತು ಅದೇ ಸೈಜಿನ ಟೈರ್ ತೆಗೆದುಕೊಂಡು ಐದನೇ ಚಕ್ರ ಇಟ್ಟುಕೊಳ್ಳಿ ಅನ್ನುತ್ತಾರೆ. ವಿಚಾರಿಸಿದರೆ ಎರಡೂ ಸೇರಿ ಇಪ್ಪತ್ತು ಸಾವಿರ ದಾಟುತ್ತದೆ. ಅಷ್ಟು ಖರ್ಚು ಮಾಡಿದ ಮೇಲೆ ಅದನ್ನು ಇಡುವುದು ಎಲ್ಲಿ? ಮೇಲೆ ಕ್ಯಾರಿಯರ್ ಹಾಕಬೇಕಾ, ಡಿಕ್ಕಿಯಲ್ಲಿ ಮಲಗಿಸಬೇಕಾ? ನಿಜವಾಗಿ ಹೀಗೆ ಮಾಡಿಕೊಂಡು ಓಡಾಡುವವರು ಇದ್ದರೆ ತಿಳಿಸಿ.


ನಿಗಡಿ ಮೆಕ್ಯಾನಿಕಲ್, ಪುಣೆ

ವಾಕಡ್ ಸರ್, ನಿಮ್ಮ ಸ್ಟೆಪ್ನಿಯನ್ನು ಅಷ್ಟು ಕೀಳಾಗಿ ನೋಡಬೇಡಿ. ಸೈಕಲ್ ಚಕ್ರದ ಹಾಗೆ ಸಣಕಲಾಗಿ ಇರುತ್ತದಲ್ಲ, ಆ ತಾತ್ಕಾಲಿಕ ಟೈರೇ ಬೇರೆ. ಅದರ ಪಕ್ಕದಲ್ಲಿ ಸೈಜ್ ಬರೆಯುವಾಗ ಮೊದಲು ಟಿ ಅಂತ ಇರುತ್ತದೆ, ಟಿ155/90 ಈ ರೀತಿ. ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು. ಟ್ರೆಡ್ (ರಸ್ತೆಗೆ ತಾಗುವ ಪಟ್ಟಿ) ತೆಳು, ಹಿಡಿತ ಕಡಿಮೆ, ಸ್ವಲ್ಪ ದೂರ ಹೋಗಿ ಅಂಗಡಿ ಸೇರಲಿ ಅಂತ ಮಾತ್ರ ಮಾಡಿದ್ದು. ನಿಮ್ಮದು 205/65 ಆರ್16 ಅಂದರೆ ಮಾಮೂಲಿ ರಸ್ತೆ ಟೈರ್. ಅದೇ ಗಾಡಿಯ ಕಡಿಮೆ ದರದ ಮಾಡೆಲ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಅದೇ ಟೈರ್ ಇರುವ ಸಾಧ್ಯತೆ ಇದೆ, ಒಮ್ಮೆ ಮ್ಯಾನ್ಯುಯಲ್ ನೋಡಿ. ಹಾಗಿದ್ದರೆ ಟೈರ್ ದುರ್ಬಲ ಅಂತ ಹೆದರಬೇಕಾಗಿಲ್ಲ. ತೊಂದರೆ ಇರುವುದು ಉಳಿದ ಮೂರರ ಜೊತೆ ಅಳತೆ ಹೊಂದದೇ ಇರುವುದರಲ್ಲಿ.

ಲೆಕ್ಕ ಹಾಕೋಣ. 215/60 ಆರ್17ರ ಹೊರಗಿನ ವ್ಯಾಸ ಸುಮಾರು 690 ಮಿ.ಮೀ. 205/65 ಆರ್16ರದ್ದು ಸುಮಾರು 673. 17 ಮಿ.ಮೀ. ಕಡಿಮೆ, ಅಂದರೆ ಶೇಕಡಾ ಎರಡೂವರೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಈ ಚಕ್ರ ಪಕ್ಕದ ಚಕ್ರಕ್ಕಿಂತ ಹನ್ನೊಂದು ಹನ್ನೆರಡು ಸುತ್ತು ಜಾಸ್ತಿ ತಿರುಗುತ್ತದೆ. ಮುಂದಿನ ಆಕ್ಸಲ್‌ಗೆ ಹಾಕಿದರೆ ಗಾಡಿ ನೇರ ಹೋಗುವಾಗಲೂ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಒಳಗಿನ ಗೇರ್‌ಗಳು ಸುಮ್ಮನೆ ಕೂರುವುದಿಲ್ಲ, ಇಡೀ ದಾರಿ ಕೆಲಸ ಮಾಡುತ್ತಲೇ ಇರುತ್ತವೆ. ಸ್ಟೇರಿಂಗ್ ಒಂದು ಕಡೆ ಎಳೆಯಬಹುದು. ಮಳೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಎಡ ಬಲ ಹಿಡಿತ ಬೇರೆ ಬೇರೆ.

ಅದಕ್ಕೇ ಫ್ರಂಟ್ ವೀಲ್ ಡ್ರೈವ್ ಗಾಡಿಯಲ್ಲಿ ಸ್ಟೆಪ್ನಿಯನ್ನು ಯಾವಾಗಲೂ ಹಿಂದೆ ಹಾಕಿ. ಪಂಕ್ಚರ್ ಆಗಿದ್ದು ಮುಂದಿನದ್ದಾದರೆ, ಹಿಂದಿನ ಒಳ್ಳೆಯ ಚಕ್ರ ಬಿಚ್ಚಿ ಮುಂದೆ ಹಾಕಬೇಕು, ಸ್ಟೆಪ್ನಿ ಹಿಂದೆ. ಎರಡು ಸಲ ಜಾಕ್ ಎತ್ತುವ ಕೆಲಸ, ಬೇಜಾರೇ. ಹತ್ತು ಕಿಲೋಮೀಟರ್ ದೂರದಲ್ಲಿ ಅಂಗಡಿ ಇದ್ದರೆ ಹಾಗೇ ನಿಧಾನಕ್ಕೆ ಹೋಗಿಬಿಡಿ. ನೂರಾರು ಕಿಲೋಮೀಟರ್ ಹೋಗಬೇಕಾದರೆ ಮಾತ್ರ ಈ ಕಷ್ಟ ಪಡಿ.

ಇನ್ನು 80ರ ಮಿತಿ. ಪುಣೆಯಿಂದ ಕೊಲ್ಲಾಪುರ ಸುಮಾರು 230 ಕಿ.ಮೀ. ನೂರರಲ್ಲಿ ಹೋದರೂ ಎಂಬತ್ತರಲ್ಲಿ ಹೋದರೂ ವ್ಯತ್ಯಾಸ ಅರ್ಧ ಗಂಟೆ ಚಿಲ್ಲರೆ. ಘಾಟ್‌ಗಳಲ್ಲಂತೂ ನೀವು ಹೇಗೂ 80 ಮುಟ್ಟುವುದಿಲ್ಲ. ಈ ಅರ್ಧ ಗಂಟೆ ಉಳಿಸುವುದಕ್ಕೆ ಇಪ್ಪತ್ತು ಸಾವಿರ ಮತ್ತು ಅರ್ಧ ಡಿಕ್ಕಿ ಕೊಡಬೇಕಾ?

ನನ್ನ ಸಲಹೆ, 12 ವೋಲ್ಟ್ ಗಾಳಿ ಪಂಪು ಮತ್ತು ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ತೆಗೆದುಕೊಳ್ಳಿ. ಟ್ರೆಡ್‌ಗೆ ಮೊಳೆ ಚುಚ್ಚಿದರೆ ಚಕ್ರ ಬಿಚ್ಚುವ ಪ್ರಶ್ನೆಯೇ ಇಲ್ಲ, ತೂತಿಗೆ ಕಿಟ್‌ನ ರಬ್ಬರ್ ಸ್ಟ್ರಿಪ್ ತುರುಕಿ ಗಾಳಿ ಹಾಕಿ ಹೊರಡಿ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಹರಿದಾಗ ಮಾತ್ರ ಸ್ಟೆಪ್ನಿ ಬೇಕು.


ಠಾಣೆ ಟೂರಿಸ್ಟ್, ಮುಂಬೈ

ನಿಗಡಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ನಾನು ಒಪ್ಪುವುದಿಲ್ಲ.

ನಮ್ಮದು ಟೂರಿಸ್ಟ್ ಗಾಡಿ ಕೆಲಸ. ಠಾಣೆ, ಮುಲುಂಡ್, ಡೊಂಬಿವಲಿಯ ನಮ್ಮ ಕರಾವಳಿ ಜನ ಮದುವೆ, ಕೋಲ, ಬೇಸಿಗೆ ರಜೆ ಅಂತ ಕುಂದಾಪುರ, ಉಡುಪಿ, ಮಂಗಳೂರಿಗೆ ಹೋಗುತ್ತಲೇ ಇರುತ್ತಾರೆ. ಗೋವಾ ಹೈವೇ ನಮಗೆ ಮನೆ ಅಂಗಳ. ಮೂರು ವಿಷಯ ಹೇಳುತ್ತೇನೆ.

80ರಲ್ಲಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಹೋಗುವುದಿಲ್ಲ. ಸ್ಟೆಪ್ನಿ ಹಾಕಿದ ಮೊದಲ ಅರ್ಧ ಗಂಟೆ ಡ್ರೈವರ್‌ಗೆ ಭಯ ಇರುತ್ತದೆ, ಆಮೇಲೆ ಚಾಯ್ ಕುಡಿದು ಹಾಡು ಹಾಕಿದ ಮೇಲೆ ಮರೆತೇ ಹೋಗುತ್ತದೆ. ಖಾಲಿ ರಸ್ತೆ ಸಿಕ್ಕಿದರೆ ಕಾಲು ತಾನಾಗಿಯೇ ಒತ್ತುತ್ತದೆ. ನಾನು ಚಕ್ರ ಕೊಡುವಾಗ ಡ್ರೈವರ್ ದೇವರಂತೆ ಓಡಿಸುತ್ತಾನೆ ಅಂತ ನಂಬಿ ಕೊಡುವುದಿಲ್ಲ. ಐದೂ ಒಂದೇ ಇದ್ದರೆ ಈ ಚಿಂತೆಯೇ ಇಲ್ಲ, ಮುಂದೆ ಹಿಂದೆ ಅಂತ ಎರಡು ಸಲ ಬಿಚ್ಚುವ ಕೆಲಸವೂ ಇಲ್ಲ. ರಾತ್ರಿ ಕಶೇಡಿ ಘಾಟ್ ಹತ್ತಿರ ಮಳೆಯಲ್ಲಿ ನಿಂತು ಎರಡು ಚಕ್ರ ಬದಲಿಸಿ ನೋಡಿ, ಆಗ ಗೊತ್ತಾಗುತ್ತದೆ.

ಎರಡನೇದು ಟೈರ್ ಸಿಗುವುದು. ಸೈಡ್‌ವಾಲ್ ಹರಿದರೆ ಪ್ಯಾಚ್ ಇಲ್ಲ, ಹೊಸದೇ ಬೇಕು. ಮಹಾಡ್, ಚಿಪಳೂಣ್ ಕಡೆ ಸಣ್ಣ ಅಂಗಡಿಗಳಲ್ಲಿ ಬೊಲೆರೋ, ಎರ್ಟಿಗಾಕ್ಕೆ ಆಗುವ 15 ಇಂಚಿನದ್ದು ಸಿಗುತ್ತದೆ. 17, 18 ಇಂಚು ಕೇಳಿದರೆ ನಾಳೆ ತರಿಸುತ್ತೇವೆ ಅನ್ನುತ್ತಾರೆ. ಆ ನಾಳೆ ಭಾನುವಾರ ಆಗಿದ್ದರೆ ಮುಗಿಯಿತು. ಫುಲ್ ಸೈಜ್ ಇದ್ದರೆ ನೀವು ಊರು ತಲುಪಿ, ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಾಲ್ಕು ಅಂಗಡಿ ನೋಡಿ, ರೇಟ್ ಕೇಳಿ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ದಾರಿಯಲ್ಲಿ ಸಿಕ್ಕಿದ ಬ್ರಾಂಡ್, ಅವನು ಹೇಳಿದ ರೇಟ್.

ಮೂರನೇದು, ಐದೂ ಒಂದೇ ಸೈಜ್, ಒಂದೇ ಮಾಡೆಲ್ ಆದರೆ ರೊಟೇಶನ್‌ನಲ್ಲಿ (ಚಕ್ರಗಳ ಜಾಗ ಆಗಾಗ ಅದಲುಬದಲು ಮಾಡುವುದು) ಐದನ್ನೂ ಸೇರಿಸಬಹುದು. ಸ್ಟೆಪ್ನಿ ಡಿಕ್ಕಿಯಲ್ಲಿ ಬಿದ್ದು ಮುದಿಯಾಗುವುದಿಲ್ಲ, ಐದೂ ಸಮವಾಗಿ ಸವೆಯುತ್ತವೆ. ಹಾಕಿದ ದುಡ್ಡು ಪೂರ್ತಿ ನಷ್ಟ ಅಂತ ಲೆಕ್ಕ ಹಾಕಬೇಡಿ. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಮಾತ್ರ ಇದು ಸುಲಭ ಅಲ್ಲ, ಅದನ್ನು ನೋಡಿ ತೆಗೆದುಕೊಳ್ಳಿ.

ಸಮೃದ್ಧಿ ಮಹಾಮಾರ್ಗ ಪೂರ್ತಿ ತೆರೆದ ಮೇಲೆ ನಾಗಪುರದ ಕಡೆಯೂ ಟ್ರಿಪ್ ಬರುತ್ತವೆ. 701 ಕಿ.ಮೀ. ರಸ್ತೆ, ಕಾರಿಗೆ 120ರ ಮಿತಿ. ಅಲ್ಲಿ ಮೂಲೆಗೊಂದು ಪಂಕ್ಚರ್ ಅಂಗಡಿ ಇರುವುದಿಲ್ಲ. ಪಕ್ಕದಲ್ಲಿ ಎಲ್ಲರೂ 120ರಲ್ಲಿ ಹೋಗುವಾಗ ನೀವು ಚಿಕ್ಕ ಚಕ್ರ ಹಾಕಿಕೊಂಡು 80ರಲ್ಲಿ ಹೋಗುವುದು ಬೇಸರದ ಮಾತಲ್ಲ, ಹಿಂದಿನಿಂದ ಬರುವ ಲಾರಿ ಮಾತು.


ವಾಕಡ್‌ವಾಸಿ, ಪುಣೆ

ಇಬ್ಬರಿಗೂ ಥ್ಯಾಂಕ್ಸ್. ನಿಗಡಿ ಸರ್ ಬರೆದದ್ದು ಓದಿ ಸ್ಟೆಪ್ನಿಯೇ ಸಾಕು ಅಂದುಕೊಂಡೆ, ಠಾಣೆಯವರದ್ದು ಓದಿ ಮತ್ತೆ ಅಲಾಯ್ ಹುಡುಕಲು ಕೂತೆ. ಆದರೆ ಠಾಣೆ ಅಣ್ಣ, ನಿಮ್ಮ ಗಾಡಿಗಳಲ್ಲಿ ಸ್ಟೆಪ್ನಿ ಕೆಳಗಡೆ ನೇತಾಡುತ್ತದೆ ಅಲ್ವಾ? ಡಿಕ್ಕಿ ಜಾಗ ಹೋಗುವುದಿಲ್ಲ. ನನಗೆ ಆ ಭಾಗ್ಯ ಇಲ್ಲ. ನಿಜವಾದ ಪ್ರಶ್ನೆ ಜಾಗದ್ದೇ.


ಠಾಣೆ ಟೂರಿಸ್ಟ್, ಮುಂಬೈ

ಹೌದು, ಇನ್ನೋವಾ ಕ್ರಿಸ್ಟಾದಲ್ಲಿ ಕೆಳಗೆ. ಅದರ ಕಥೆ ಬೇರೆ ಇದೆ. ಕೊಂಕಣದ ಒಂದು ಮಳೆಗಾಲ ಕಳೆದರೆ ಇಳಿಸುವ ಚೈನ್‌ಗೆ ಕೆಸರು, ತುಕ್ಕು ಹಿಡಿದು ಕೂರುತ್ತದೆ. ಬೇಕಾದ ಹೊತ್ತಿಗೆ ಹ್ಯಾಂಡಲ್ ತಿರುಗುವುದಿಲ್ಲ. ಅದಕ್ಕೆ ಪ್ರತಿ ಸರ್ವಿಸ್‌ಗೆ ಒಂದು ಸಲ ಪೂರ್ತಿ ಇಳಿಸಿ, ಗ್ರೀಸ್ ಹಚ್ಚಿ, ಗಾಳಿ ನೋಡಿ ಏರಿಸುತ್ತೇವೆ. ಕಳ್ಳರ ಕಾಟವೂ ಇದೆ, ಹಾಗಾಗಿ ಲಾಕ್.


ಮಡಗಾಂವ್ ಟೈರ್, ಗೋವಾ

ನಮಸ್ಕಾರ್ರೀ. ನಾನು ಗದಗಿನವನು, ಮಡಗಾಂವದ ಟೈರ್ ಅಂಗಡಿಯಲ್ಲಿ ಕೆಲಸ. ಡಿಸೆಂಬರ್ ಕೊನೆಯ ವಾರ ಅಂದರೆ ನಮಗೆ ಊಟಕ್ಕೆ ಪುರುಸೊತ್ತು ಇರುವುದಿಲ್ಲ. ಪುಣೆ, ಮುಂಬೈ, ಬೆಂಗಳೂರು ನಂಬರಿನ ಗಾಡಿಗಳೇ ಸಾಲು.

ಬರುವವರಲ್ಲಿ ಸ್ಟೆಪ್ನಿ ಚಿಕ್ಕದು ಅಂತ ಕಷ್ಟಪಟ್ಟವರನ್ನು ನಾನು ನೋಡಿದ್ದು ಕಡಿಮೆ. ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲದೆ ಕಷ್ಟಪಟ್ಟವರನ್ನು ದಿನಾ ನೋಡುತ್ತೇನೆ. ಗಾಡಿ ತೆಗೆದುಕೊಂಡ ದಿನದಿಂದ ಅದನ್ನು ಮುಟ್ಟಿರುವುದಿಲ್ಲ. ಡಿಕ್ಕಿ ಕಾರ್ಪೆಟ್ ಎತ್ತಿದರೆ ಹತ್ತು ಹದಿನೈದು ಪಿಎಸ್‌ಐ ಉಳಿದಿರುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ನಾಲ್ಕಕ್ಕೆ ಗಾಳಿ ಹಾಕಿಸುವವರು ಐದನೇದಕ್ಕೂ ಹೇಳಿ. ಮುಂದೆ ಹಿಂದೆ ಚಕ್ರಕ್ಕೆ ಹೇಳಿದ್ದಕ್ಕಿಂತ ಎರಡು ಮೂರು ಪಿಎಸ್‌ಐ ಜಾಸ್ತಿಯೇ ಇರಲಿ, ಇಳಿಸುವುದು ಸುಲಭ, ಕಾಡಿನಲ್ಲಿ ಏರಿಸುವುದು ಕಷ್ಟ.

ಆಮೇಲೆ ವಯಸ್ಸು. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಓಡದೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ತೋರಿಸಿ. ಹತ್ತು ವರ್ಷ ಆದದ್ದನ್ನು ಟ್ರೆಡ್ ಹೊಸದಾಗಿ ಕಂಡರೂ ಎಸೆಯಬೇಕು. ಹಳೇ ಗಾಡಿ ಕೊಂಡವರು ಇದನ್ನು ನೋಡುವುದೇ ಇಲ್ಲ, ಗಾಡಿಗೆ ಮೂರು ಸೆಟ್ ಟೈರ್ ಬದಲಾಗಿರುತ್ತದೆ, ಸ್ಟೆಪ್ನಿ ಮಾತ್ರ ಹುಟ್ಟಿದಾಗಿನದ್ದು.

ಈಗ ನಿಮ್ಮ ರೂಟ್. ಚೋರ್ಲಾ, ಅನ್ಮೋಡ್, ಅಂಬೋಲಿ ಯಾವುದಾದರೂ ಇರಲಿ, ಮೊಳೆಗಿಂತ ಗುಂಡಿಯ ಅಂಚಿನದ್ದೇ ಕಾಟ. ಎದುರಿನಿಂದ ಲಾರಿ ಬಂತು ಅಂತ ಎಡಕ್ಕೆ ಇಳಿಸುತ್ತೀರಿ, ಡಾಂಬರು ಮುರಿದು ಕತ್ತಿಯ ಹಾಗೆ ನಿಂತ ಅಂಚು, ಕೆಳಗೆ ಕೆಂಪುಕಲ್ಲು. ಸೈಡ್‌ವಾಲ್ ಅಲ್ಲೇ ಕತ್ತರಿಸುತ್ತದೆ. ಗುಂಡಿಗೆ ಜೋರಾಗಿ ಹೊಡೆದರೆ ಒಳಗಿನ ದಾರ ತುಂಡಾಗಿ ಎರಡು ದಿನ ಬಿಟ್ಟು ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಬಂದ ಟೈರ್ ಗಾಳಿ ಹಿಡಿದಿದೆ ಅಂತ ಘಾಟ್ ಹತ್ತಬೇಡಿ. ಈ ಎರಡಕ್ಕೂ ನಿಗಡಿಯವರ ಕಿಟ್ ಕೆಲಸಕ್ಕೆ ಬರುವುದಿಲ್ಲ. ಗಾಳಿ ಕಡಿಮೆ ಇಟ್ಟು ಆರಾಮಾಗಿ ಹೋಗುತ್ತದೆ ಅನ್ನುವವರ ಟೈರೇ ಮೊದಲು ಹೋಗುವುದು.

ಐದನೇ ಚಕ್ರ ತೆಗೆದುಕೊಳ್ಳುವುದೇ ಆದರೆ ಬರೀ ಟೈರ್ ತೆಗೆದುಕೊಳ್ಳಬೇಡಿ. ಕೆಲವರು ಡಿಸ್ಕ್ ದುಡ್ಡು ಉಳಿಸಲು ಟೈರ್ ಮಾತ್ರ ಡಿಕ್ಕಿಯಲ್ಲಿ ಹಾಕಿಕೊಂಡು ಬರುತ್ತಾರೆ. ಅದನ್ನು ಏರಿಸಲು ಮಷಿನ್ ಬೇಕು, ಮಷಿನ್ ಅಂಗಡಿಯಲ್ಲಿ ಇದೆ, ಅಂಗಡಿವರೆಗೆ ಹೇಗೆ ಬರುತ್ತೀರಿ? ಗುಂಡಿಗೆ ಬಿದ್ದಾಗ ಅಲಾಯ್ ಕೂಡ ಬಗ್ಗಿರುತ್ತದೆ, ಸೀಳಿರುತ್ತದೆ. ಹೊಸ ಅಲಾಯ್ ದುಬಾರಿ. ದೊಡ್ಡ ಅಲಾಯ್ ಹಾಕಿಸಿಕೊಂಡವರು ಕಂಪನಿಯದ್ದನ್ನು ಮಾರುತ್ತಾರೆ, ಅದೇ ಗಾಡಿಯ ಅದೇ ವರ್ಷದ್ದು ನೋಡಿ ಒಂದು ತೆಗೆದುಕೊಳ್ಳಿ. ಪಿಸಿಡಿ (ಬೋಲ್ಟ್ ರಂಧ್ರಗಳ ವೃತ್ತದ ವ್ಯಾಸ), ಆಫ್‌ಸೆಟ್ (ಡಿಸ್ಕ್ ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನುವುದು), ನಡುವಿನ ರಂಧ್ರ ಮೂರೂ ಸರಿ ಇರಬೇಕು. ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಿ ತಿರುಗಿಸಿ ನೋಡಿಯೇ ದುಡ್ಡು ಕೊಡಿ. ಸ್ಟೀಲ್ ಡಿಸ್ಕ್‌ಗೂ ಅಲಾಯ್‌ಗೂ ಒಂದೇ ನಟ್ ನಡೆಯುತ್ತದಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ, ಎಲ್ಲ ಗಾಡಿಯಲ್ಲೂ ಒಂದೇ ಅಲ್ಲ.


ಕೋಥ್ರೂಡ್ ಅಕ್ಕ, ಪುಣೆ

ಎಲ್ಲರೂ ಚಕ್ರದ ಬಗ್ಗೆ ಬರೆದಿದ್ದಾರೆ, ಅದನ್ನು ಎತ್ತುವವರ ಬಗ್ಗೆ ಯಾರೂ ಬರೆದಿಲ್ಲ.

ನಾನು ಪುಣೆ–ಧಾರವಾಡ ಒಬ್ಬಳೇ ಓಡಿಸಿಕೊಂಡು ಹೋಗುತ್ತಿರುತ್ತೇನೆ. ಅಲಾಯ್ ಜೊತೆ 17 ಇಂಚಿನ ಚಕ್ರ ಇಪ್ಪತ್ತು ಕಿಲೋ ಆಸುಪಾಸು ಇರುತ್ತದೆ. ಅದನ್ನು ಡಿಕ್ಕಿಯ ಗುಂಡಿಯಿಂದ ಮೇಲಕ್ಕೆ ಎಳೆಯುವುದೇ ದೊಡ್ಡ ಕೆಲಸ. ಅದಕ್ಕಿಂತ ಮೊದಲು ಡಿಕ್ಕಿ ಖಾಲಿ ಮಾಡಬೇಕು. ಅತ್ತೆಯ ಉಪ್ಪಿನಕಾಯಿ ಭರಣಿಯಿಂದ ಹಿಡಿದು ಮಕ್ಕಳ ಚೀಲದವರೆಗೆ ಎಲ್ಲ ರಸ್ತೆ ಪಕ್ಕದ ಮಣ್ಣಿನಲ್ಲಿ. ನಾನು ಲಗೇಜ್ ಜೋಡಿಸುವಾಗಲೇ ಹಗುರ ಮೃದು ಚೀಲಗಳನ್ನು ಸ್ಟೆಪ್ನಿ ಮುಚ್ಚಳದ ಮೇಲೆ ಬರುವ ಹಾಗೆ, ಭಾರದ ಪೆಟ್ಟಿಗೆಗಳನ್ನು ಸೀಟಿಗೆ ಒತ್ತಿ ಇಡುತ್ತೇನೆ. ಜಾಕ್, ಪಾನಾ, ಟಾರ್ಚ್, ಕೈಗವಸು ಸ್ಟೆಪ್ನಿ ಜೊತೆ ಅಲ್ಲ, ಡ್ರೈವರ್ ಸೀಟಿನ ಹಿಂದೆ. ಜೊತೆಗೆ ಒಂದು ಗಟ್ಟಿ ಹಲಗೆ ತುಂಡು, ಮೆತ್ತಗಿನ ಮಣ್ಣಿನಲ್ಲಿ ಜಾಕ್ ಹೂತು ಹೋಗುತ್ತದೆ. ಗಾಡಿ ಜೊತೆ ಕೊಡುವ ಪಾನಾ ಗಿಡ್ಡ, ಅಂಗಡಿಯಲ್ಲಿ ಗನ್ ಹಾಕಿ ಬಿಗಿದ ನಟ್ ಅದಕ್ಕೆ ಬಗ್ಗುವುದಿಲ್ಲ. ಉದ್ದ ಹಿಡಿಯ ಪಾನಾ ಒಂದು ತೆಗೆದುಕೊಳ್ಳಿ. ಫುಲ್ ಸೈಜ್ ಸ್ಟೆಪ್ನಿಗಿಂತ ನನಗೆ ಅದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ವಾಕಡ್‌ವಾಸಿ, ನೀವು ಡಿಕ್ಕಿಯಲ್ಲಿ ಮಲಗಿಸಬೇಕಾ ಅಂತ ಕೇಳಿದ್ದೀರಿ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು ಕೂರುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ಆ ಬಿಡಿ ಚಕ್ರ ಸೀಧಾ ಸೀಟಿನ ಬೆನ್ನಿಗೆ ಬರುತ್ತದೆ. ಡಿಕ್ಕಿ ನೆಲದಲ್ಲಿ ಕೊಕ್ಕೆಗಳಿದ್ದರೆ ರ‍್ಯಾಚೆಟ್ ಬೆಲ್ಟ್ ಹಾಕಿ ಬಿಗಿದು ಕಟ್ಟಿ, ಕೊಕ್ಕೆ ಇಲ್ಲದಿದ್ದರೆ ಬೇಡವೇ ಬೇಡ. ಮೇಲಿನ ಕ್ಯಾರಿಯರ್‌ಗೂ ನನ್ನ ಮತ ಇಲ್ಲ. ಘಾಟ್ ತಿರುವುಗಳಲ್ಲಿ ಮೇಲೆ ಭಾರ ಇಟ್ಟುಕೊಂಡು ಯಾಕೆ ಓಡಿಸಬೇಕು? ಪಂಕ್ಚರ್ ಆದಾಗ ಅದನ್ನು ತಲೆಯ ಮೇಲಿಂದ ಇಳಿಸುವವರು ಯಾರು?

ಇನ್ನೊಂದು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬಲಗಡೆ ಚಕ್ರ ಪಂಕ್ಚರ್ ಆದರೆ ಲೇನ್ ಪಕ್ಕ ಕೂತು ಬದಲಿಸುವ ಸಾಹಸ ಬೇಡ. ಡಿಸ್ಕ್ ಹಾಳಾದರೂ ಪರವಾಗಿಲ್ಲ, ಅಗಲ ಜಾಗ ಸಿಗುವವರೆಗೆ ನಿಧಾನಕ್ಕೆ ಹೋಗಿ. ಮನೆಯವರನ್ನು ಇಳಿಸಿ ತಡೆಗಂಬಿಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.


ಪರ್ವರಿ ಫೋರ್‌ಬೈಫೋರ್, ಗೋವಾ

ವಾಕಡ್ ಅವರ ಗಾಡಿಗೆ ಇದು ಅನ್ವಯಿಸುವುದಿಲ್ಲ, ಆದರೂ ಓದುವ ಬೇರೆಯವರಿಗೆ. ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವುದು) ಇದ್ದರೆ ಫುಲ್ ಸೈಜ್ ಶೋಕಿ ಅಲ್ಲ. ಒಂದು ಚಕ್ರ ಚಿಕ್ಕದಾದರೆ ಮುಂದಿನ ಆಕ್ಸಲ್‌ಗೂ ಹಿಂದಿನದ್ದಕ್ಕೂ ವೇಗ ಹೊಂದುವುದಿಲ್ಲ, ಎರಡನ್ನೂ ಜೋಡಿಸುವ ನಡುವಿನ ಕಪ್ಲಿಂಗ್ ಬಿಸಿಯಾಗುತ್ತದೆ, ರಿಪೇರಿ ಬಿಲ್ಲಿನ ದುಡ್ಡಿಗೆ ಹತ್ತು ಟೈರ್ ಬರುತ್ತವೆ. ಥಾರ್ ತರಹದ ಪಾರ್ಟ್ ಟೈಮ್ ಫೋರ್‌ಬೈಫೋರ್‌ನಲ್ಲಿ ಬೇರೆ ಸೈಜ್ ಹಾಕಿದ್ದರೆ ಟೂ ವೀಲ್‌ನಲ್ಲೇ ಓಡಿಸಿ, ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಫೋರ್ ಹೈ ಹಾಕಲೇಬೇಡಿ. ಸೈಜ್ ಒಂದೇ ಇದ್ದು ಉಳಿದ ಮೂರು ಪೂರ್ತಿ ಸವೆದು ಒಂದು ಹೊಸದಾದರೂ ವ್ಯತ್ಯಾಸ ಬರುತ್ತದೆ. ಅದಕ್ಕೇ ಠಾಣೆಯವರು ಹೇಳಿದ ಐದು ಚಕ್ರದ ರೊಟೇಶನ್ ನಮ್ಮಂಥವರಿಗೆ ಬೇಕೇ ಬೇಕು.


ಬೈಂದೂರ್ ಎಕ್ಸ್‌ಪ್ರೆಸ್, ಮುಂಬೈ

ನೀವೆಲ್ಲ ಐದನೇ ಚಕ್ರ ದೊಡ್ಡದಾ ಚಿಕ್ಕದಾ ಅಂತ ಚರ್ಚೆ ಮಾಡುತ್ತಿದ್ದೀರಿ, ಸರ್ಕಾರ 2020ರಲ್ಲೇ ಅದು ಇಲ್ಲದಿದ್ದರೂ ನಡೆಯುತ್ತದೆ ಅಂದಾಯಿತು. ಟ್ಯೂಬ್‌ಲೆಸ್ ಟೈರ್, ಗಾಳಿ ತೋರಿಸುವ ಟಿಪಿಎಂಎಸ್, ರಿಪೇರಿ ಕಿಟ್ ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯ ಅಲ್ಲ, ಆ ವರ್ಷದ ಅಕ್ಟೋಬರ್‌ನಿಂದ. ಮುಂದಿನ ಸಲ ಗಾಡಿ ಕೊಳ್ಳುವವರು ಸನ್‌ರೂಫ್ ನೋಡುವ ಮೊದಲು ಡಿಕ್ಕಿ ಕಾರ್ಪೆಟ್ ಎತ್ತಿ ನೋಡಿ. ಕೆಳಗೆ ಒಂದು ಬಾಟಲಿ ಅಂಟು ಮತ್ತು ಪಂಪು ಮಾತ್ರ ಇರಬಹುದು. ಆ ಅಂಟಿಗೂ ಎಕ್ಸ್‌ಪೈರಿ ಡೇಟ್ ಇದೆ.


ವಾಕಡ್‌ವಾಸಿ, ಪುಣೆ

ಭಾನುವಾರ ಡಿಕ್ಕಿ ಖಾಲಿ ಮಾಡಿ ಅಳತೆ ತೆಗೆದೆ. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಸುತ್ತ ಜಾಗ ಇದೆ, 690 ಮಿ.ಮೀ. ಚಕ್ರ ಅಗಲದಲ್ಲಿ ಕೂರುತ್ತದೆ. ಆಳದಲ್ಲಿ ಮಾತ್ರ ಅನುಮಾನ. ಮೇಲಿನ ಮುಚ್ಚಳ ಒಂದು ಬೆರಳು ಎದ್ದು ನಿಲ್ಲಬಹುದು. ಅಷ್ಟಾದರೆ ನಡೆಯುತ್ತದೆ. ಗುಂಡಿಯೊಳಗೆ ಕೂತು ನಡುವಿನ ಬೋಲ್ಟ್ ಬಿಗಿಯಾದರೆ ಮಾತ್ರ ಅಲಾಯ್ ತೆಗೆದುಕೊಳ್ಳುತ್ತೇನೆ, ಬಿಡಿಯಾಗಿ ಡಿಕ್ಕಿಯಲ್ಲಿ ಇಡುವುದಿಲ್ಲ. ಅಕ್ಕ ಬರೆದದ್ದನ್ನು ಹೆಂಡತಿಗೆ ಓದಿಸಿದ ಮೇಲೆ ಮನೆಯಲ್ಲಿ ಆ ವಿಷಯಕ್ಕೆ ತೆರೆ ಬಿತ್ತು. ಗಾಳಿ ಪಂಪು, ಕಿಟ್, ಉದ್ದ ಪಾನಾ ಆರ್ಡರ್ ಮಾಡಿದೆ. ಸ್ಟೆಪ್ನಿಯಲ್ಲಿ 22 ಪಿಎಸ್‌ಐ ಇತ್ತು, ಮಡಗಾಂವ್ ಸಾಹೇಬರು ಶಕುನ ಹೇಳಿದ ಹಾಗೆ.

ಒಂದೇ ಡೌಟ್. ಅಲಾಯ್ ಸಿಗದಿದ್ದರೆ, ಇರುವ 16 ಇಂಚಿನ ಸ್ಟೀಲ್ ಡಿಸ್ಕ್‌ಗೇ ಸ್ವಲ್ಪ ಎತ್ತರದ ಟೈರ್ ಹಾಕಿಸಿ 690ಕ್ಕೆ ತರಬಹುದಾ?


ಮಡಗಾಂವ್ ಟೈರ್, ಗೋವಾ

ಆಗುತ್ತದೆ. 215/65 ಆರ್16 ಹಾಕಿದರೆ ಹೊರಗಿನ ವ್ಯಾಸ ಸುಮಾರು 686 ಬರುತ್ತದೆ, ನಿಮ್ಮ 690ಕ್ಕೆ ನಾಲ್ಕೇ ಮಿ.ಮೀ. ಕಡಿಮೆ. ತುಂಬ ಗಾಡಿಗೆ ಬರುವ ಸೈಜ್, ಸುಲಭವಾಗಿ ಸಿಗುತ್ತದೆ. ಡಿಸ್ಕ್ ಅಗಲ ಆರು ಇಂಚು ಇದೆಯಾ ಆರೂವರೆ ಇದೆಯಾ ಅಂತ ಅದರ ಮೇಲೆ ಕೊರೆದಿರುತ್ತದೆ, ನೋಡಿ, ಎರಡಕ್ಕೂ ಕೂರುತ್ತದೆ. ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವ ಅಂಕೆ, ನಿಮ್ಮ 17 ಇಂಚಿನ ಟೈರ್ ಮೇಲೆ ಇರುವುದಕ್ಕಿಂತ ಕಡಿಮೆ ಆಗಬಾರದು, ಅದು 96 ಇದ್ದರೆ ಇದೂ 96 ಅಥವಾ ಮೇಲೆ ಇರಲಿ. ಅಲಾಯ್ ದುಡ್ಡು ಪೂರ್ತಿ ಉಳಿಯುತ್ತದೆ.


ನಿಗಡಿ ಮೆಕ್ಯಾನಿಕಲ್, ಪುಣೆ

ಇದು ಒಳ್ಳೆಯ ದಾರಿ, ನನಗೆ ಹೊಳೆದಿರಲಿಲ್ಲ. ಕಿಲೋಮೀಟರಿಗೆ ಹನ್ನೊಂದು ಹನ್ನೆರಡು ಸುತ್ತಿನ ವ್ಯತ್ಯಾಸ ಎರಡು ಮೂರಕ್ಕೆ ಇಳಿಯುತ್ತದೆ. ಆದರೂ ಹಿಂದೆಯೇ ಹಾಕಿ, ಟ್ರೆಡ್ ಬೇರೆ ಇರುತ್ತದೆ. 80ರ ಸ್ಟಿಕ್ಕರ್ ಕೀಳಬೇಡಿ.


ಠಾಣೆ ಟೂರಿಸ್ಟ್, ಮುಂಬೈ

ಸ್ಟಿಕ್ಕರ್ ಓದುವವರು ಯಾರು ಮಾರಾಯ್ರೆ. ವಾಕಡ್ ಅವರೇ, ಡಿಸೆಂಬರ್ 25ರ ಆಸುಪಾಸು ಚೋರ್ಲಾ ಇಳಿಯುವುದಾದರೆ ಬೆಳಗಾವಿಯನ್ನು ಬೆಳಗ್ಗೆ ಆರಕ್ಕೆ ಬಿಡಿ, ಟ್ರಾಫಿಕ್ ಕಾಟ ಟೈರ್ ಕಾಟಕ್ಕಿಂತ ದೊಡ್ಡದು.